ನಾಲ್ಕು ಡಬ್ಬಿಯ ಇಲಿ ಪಿಕ್ಚರ್

ನಮ್ಮ ಮಾವನವರು ಪಿಕ್ಚರನ್ನು ನೋಡಿ ಬೆಲೆ ಕಟ್ಟುತ್ತಿರಲಿಲ್ಲ, ಎತ್ತಿ ಕಟ್ಟುತ್ತಿದ್ದರು. ಸಿಂದಗಿಯ ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷ ಜೋಳದ ಚೀಲ ಎತ್ತಿ ನೋಡಿದ ಕೈ ಅದು. ಟೂರಿಂಗ್ ಟಾಕೀಜು ಹೂಡಿದ ಮೇಲೂ ಆ ಚಾಳಿ ಬಿಡಲಿಲ್ಲ. ರೀಲಿನ ಡಬ್ಬಿ ಬಂದವೆಂದರೆ ತಲೆಯ ಪಟಗ ತೆಗೆದು ಗೂಟಕ್ಕೆ ಹಾಕಿ, ಒಂದೊಂದೇ ಡಬ್ಬಿಯನ್ನು ಎದೆಯ ಮಟ್ಟಕ್ಕೆ ಎತ್ತಿ, "ತೂಕ ಐತಿ, ಓಡತೈತಿ" ಎನ್ನುವರು. ಹಗುರಾಗಿದ್ದರೆ "ತೂಕಿಲ್ಲ" ಎಂದು ಕೈ ಒರೆಸಿಕೊಳ್ಳುವರು. ಹದಿನಾರು ಡಬ್ಬಿಯ ಪಿಕ್ಚರೆಂದರೆ ಅವರಿಗೆ ದೇವರು. ನಾಲ್ಕು ಸಲಕ್ಕೆ ಮೂರು ಸಲ ಅವರ ಮಾತು ನಿಜವೂ ಆಗುತ್ತಿತ್ತು, ಹಾಗಾಗಿ ಮನೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

ನಾನಂತೂ ಆಡುವ ಮಾತೇ ಇರಲಿಲ್ಲ. ನಾನು ಹೊನ್ನವ್ವ, ಈ ಮನೆಯ ಒಬ್ಬಳೇ ಸೊಸೆ, ಬಸವನ ಬಾಗೇವಾಡಿಯವಳು, ಏಳನೇ ಇಯತ್ತೆ ಪಾಸು. ಬಾವಿಯ ಕಟ್ಟೆಯ ಮೇಲೆ ನಾನು ಬಾಯಿ ತೆಗೆದರೆ ಕೊಡ ತುಂಬಿದವರೂ ಹೋಗುವುದಿಲ್ಲ. ಆದರೆ ಮಾವನವರಿಗೆ ನೇರವಾಗಿ ಹನ್ನೊಂದು ವರ್ಷದಲ್ಲಿ ಒಂದು ಶಬ್ದ ಆಡಿರಲಿಲ್ಲ. ಹಿರಿಯರ ಮುಂದೆ ಸೊಸೆಯ ಸೆರಗು ಕಾಣಬೇಕು, ಧ್ವನಿ ಕೇಳಬಾರದು, ಅದು ಆ ಮನೆಯ ರೀತಿ. ಏನಾದರೂ ಹೇಳಲೇಬೇಕಾದರೆ ನನ್ನ ಮಗಳು ನೀಲಗಂಗಾಗೆ ಹೇಳುತ್ತಿದ್ದೆ, "ನಿಮ್ಮ ಮುತ್ಯಾಗ ಹೇಳು" ಎಂದು. ಅವಳು ಹುಟ್ಟುವ ಮೊದಲು ಬಾಗಿಲ ಚೌಕಟ್ಟಿಗೆ ಹೇಳುತ್ತಿದ್ದೆ. ಚೌಕಟ್ಟು ಒಳ್ಳೆಯದು, ತಿರುಗಿ ಬಯ್ಯುತ್ತಿರಲಿಲ್ಲ.

ನಮ್ಮ ಟೆಂಟು ಇಂಡಿಯಲ್ಲಿ ಕೆಲವು ತಿಂಗಳು, ಸಿಂದಗಿಯಲ್ಲಿ ಕೆಲವು ತಿಂಗಳು, ಆಮೇಲೆ ಮುದ್ದೇಬಿಹಾಳ, ಬಾಗೇವಾಡಿ ಎಂದು ತಿರುಗುತ್ತಿತ್ತು. ಎಪ್ಪತ್ತಾರನೇ ಇಸ್ವಿಯಲ್ಲಿ, ಎಳ್ಳಮಾವಾಸ್ಯೆ ಮುಗಿದ ವಾರ, ಸಿಂದಗಿಯಲ್ಲೇ ಇತ್ತು. ಹೊಸ ಪಿಕ್ಚರ್ ತರಲು ನನ್ನ ಗಂಡ ರೇವಣಪ್ಪ ಇಂಡಿ ರೋಡ್ ಸ್ಟೇಶನ್ನಿಗೆ ಹೋಗಿದ್ದರು. ಸಂಜೆ ಬಸ್ಸಿನ ಮೇಲಿಂದ ಒಂದು ದೊಡ್ಡ ಪೆಟ್ಟಿಗೆ ಇಳಿಯಿತು, ಇಬ್ಬರು ಹಮಾಲರು ಹೊತ್ತು ತಂದರು. ಮಾವನವರ ಮುಖ ಅರಳಿತು. "ಭಾರಿ ಪಿಕ್ಚರ್ ಬಂದೈತಿ" ಎಂದರು.

ಪೆಟ್ಟಿಗೆ ತೆರೆದರೆ ಮೇಲಿನಿಂದ ಕೆಳಗಿನವರೆಗೆ ಪೋಸ್ಟರು. ಪೋಸ್ಟರಿನ ಅಡಿಯಲ್ಲಿ ಮತ್ತೆ ಪೋಸ್ಟರು. ಎಲ್ಲಕ್ಕೂ ಕೆಳಗೆ ನಾಲ್ಕೇ ನಾಲ್ಕು ಡಬ್ಬಿ.

ನಮ್ಮ ಆಪರೇಟರ್ ಮೈಬೂಬ ಡಬ್ಬಿಯ ಮೇಲಿನ ಚೀಟಿ ಓದಿ, "ಇದು ನಮ್ದಲ್ರಿ ಸಾವಕಾರ್ರ. ಇಂಗ್ಲಿಷ್ ಐತಿ. ಚಿತ್ರಾ ಬರದು ಮಾಡಿದ್ದು, ಸಣ್ಣ ಹುಡುಗರು ನೋಡುವಂಥಾದ್ದು. ಹಳೇದೂ ಐತ್ರಿ" ಎಂದ.

"ಯಾರದು ಕಥಿ?" ಎಂದರು ಮಾವನವರು.

"ಇಲೀದ್ರಿ."

ಮಾವನವರು ಮಗನ ಕಡೆ ತಿರುಗಿದರು. ನನ್ನ ಗಂಡ ತಲೆ ಕೆರೆದುಕೊಂಡರು. "ಎರಡು ಪೆಟಗಿ ಇಳಿಸಿದ್ರು ಅಪ್ಪಾ. ಎರಡರದೂ ಚೀಟಿ ಹರದಿದ್ವು. ಎತ್ತಿ ನೋಡಿ ತಗೊ ಅಂತ ನೀವ ಹೇಳೀರಲ್ಲ. ಎತ್ತಿ ನೋಡಿದೆ. ಭಾರ ಇದ್ದದ್ದ ತಂದೆ."

ಇನ್ನೊಂದು ಪೆಟ್ಟಿಗೆಯನ್ನು ಬೇರೆ ಊರಿನ ಟೆಂಟಿನವರು ಒಯ್ದಿದ್ದರು. ಪಿಕ್ಚರ್ ಕಳಿಸಿದವರಿಗೆ ತಾರು ಕೊಟ್ಟರೆ ಮರುದಿನ ಉತ್ತರ ಬಂತು: ನಿಮ್ಮ ಪಿಕ್ಚರ್ ಅಲ್ಲಿ ಓಡುತ್ತಿದೆ, ಹದಿನೈದು ದಿನಕ್ಕೆ ಬರುತ್ತದೆ.

ಅಂದು ಸಂಜೆ ಡಬ್ಬಿ ಕೆಟ್ಟಿವೆಯೋ ಏನೋ ನೋಡೋಣವೆಂದು ಮೈಬೂಬ ಖಾಲಿ ಟೆಂಟಿನಲ್ಲಿ ಪಿಕ್ಚರ್ ಹಚ್ಚಿದ. ನಾನು ಅವನಿಗೂ ನನ್ನ ಗಂಡನಿಗೂ ಬುತ್ತಿ ಒಯ್ದಿದ್ದೆ, ನೀಲಗಂಗಾ ಬೆನ್ನು ಹತ್ತಿದ್ದಳು. ಮಾಲಕರ ಸೊಸೆ ಜನರ ನಡುವೆ ಕೂಡುವಂತಿಲ್ಲವೆಂದು ನನಗೆ ಮೊದಲಿನಿಂದಲೂ ಪರದೆಯ ಹಿಂದೆಯೇ ಜಾಗ. ಹನ್ನೊಂದು ವರ್ಷ ಎಲ್ಲ ಪಿಕ್ಚರುಗಳನ್ನೂ ನಾನು ಹಿಂದಿನಿಂದ, ಎಡಬಲ ಅದಲುಬದಲಾಗಿಯೇ ನೋಡಿದವಳು. ನನ್ನ ಮಟ್ಟಿಗೆ ಎಲ್ಲ ಹೀರೋಗಳೂ ಎಡಚರು. ಅಂದು ಖಾಲಿ ಟೆಂಟಿದ್ದರೂ ರೂಢಿಯಂತೆ ಹಿಂದೆಯೇ ಹೋಗಿ ನಿಂತೆ.

ಒಂದು ಹಳೆಯ ಗಿರಣಿ. ಅದರ ಗೋಡೆಯೊಳಗೆ ಇಲಿಗಳ ದೊಡ್ಡ ಸಂಸಾರ. ಕನ್ನಡಕದ ಮುದಿ ಇಲಿ ಯಜಮಾನ. ಯಾರು ಹೊರಗೆ ಹೋಗಬೇಕು, ಯಾರು ಒಳಗಿರಬೇಕು, ಎಲ್ಲ ಅವನ ಹುಕುಂ. ಒಂದು ದಿನ ಗಿಡುಗ ಬಂದು ಒಂದು ಮರಿಯನ್ನು ಎತ್ತಿಕೊಂಡು ಹೋಗುತ್ತದೆ. ಹೋದದ್ದು ಹೋಯಿತು, ಯಾರೂ ಹೊಸ್ತಿಲು ದಾಟಕೂಡದು ಎಂದು ಮುದಿ ಇಲಿ ಕೋಲು ಕುಟ್ಟುತ್ತದೆ. ಭಾಷೆ ತಿಳಿಯದಿದ್ದರೂ ಆ ಕೋಲು ಕುಟ್ಟುವುದು ನನಗೆ ಚೆನ್ನಾಗಿ ತಿಳಿಯಿತು. ತಾಯಿ ಇಲಿ ಮಾತು ಕೇಳುವುದಿಲ್ಲ. ಒಂದು ಕುಂಟ ಕಪ್ಪೆ, ಒಂದು ಅಳಿಲು, ಇಬ್ಬರನ್ನು ಕಟ್ಟಿಕೊಂಡು ಹೊರಟೇಬಿಡುತ್ತಾಳೆ.

ದೋಷವಿಲ್ಲವೆಂದು ನಾನು ಹೇಳುವುದಿಲ್ಲ. ಬಣ್ಣ ಇಳಿದು ಅರ್ಧ ಪಿಕ್ಚರು ಖಾರದಪುಡಿ ಚೆಲ್ಲಿದ ಹಾಗೆ ಕೆಂಪಾಗಿತ್ತು. ಮೊದಲ ಡಬ್ಬಿಯಲ್ಲಿ ಬರೀ ಹಾಡು, ಕಥೆ ಮುಂದೆ ಸರಿಯುವುದೇ ಇಲ್ಲ. ತಾಯಿ ಇಲಿ ಮಾತಿಗೊಮ್ಮೆ ಅಳುತ್ತಾಳೆ. ಮರಿ ಕಳೆದುಕೊಂಡವಳಿಗೆ ಅಷ್ಟು ಅಳಲು ಪುರುಸೊತ್ತು ಎಲ್ಲಿರುತ್ತದೆ? ಆದರೆ ಕೊನೆಯ ಡಬ್ಬಿ ಬಂತು ನೋಡಿ. ಗಿಡುಗದ ಗೂಡು ಒಣ ಮರದ ತುದಿಯಲ್ಲಿ. ಅಳಿಲು ಟೊಂಗೆಯ ಮೇಲೆ ಕಾಲಿಟ್ಟರೆ ಟೊಂಗೆ ಲಟಲಟ ಎನ್ನುತ್ತದೆ, ಅಳಿಲು ಹಿಂದೆ ಸರಿಯುತ್ತದೆ. ಆಮೇಲೆ ಆ ತಾಯಿ ಒಬ್ಬಳೇ, ಬೆರಳು ಗಾತ್ರದವಳು, ಆ ಟೊಂಗೆಯ ಮೇಲೆ ನಡೆಯುತ್ತಾಳೆ. ಅಷ್ಟು ಹೊತ್ತು ಹಾಡಿದವರು ಅಲ್ಲಿ ಒಂದು ವಾದ್ಯ ಸಹ ನುಡಿಸಿಲ್ಲ. ನೀಲಗಂಗಾ ನನ್ನ ಸೀರೆ ಬಿಗಿಯಾಗಿ ಹಿಡಿದಿದ್ದಳು. ನನ್ನ ಕೈಯಲ್ಲಿ ಬುತ್ತಿ ಹಾಗೇ ಇತ್ತು, ರೊಟ್ಟಿ ತಣ್ಣಗಾಗಿದ್ದವು.

ಮನೆಗೆ ಬಂದು ಊಟಕ್ಕೆ ಬಡಿಸಿದೆ. ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ಮಾವನವರು ಮೊದಲ ತುತ್ತಿಗೇ ತೀರ್ಪು ಕೊಟ್ಟರು.

"ಹದಿನೈದು ದಿನಾ ಟೆಂಟ್ ಬಂದ್. ಅರ್ಧಾ ಪಿಕ್ಚರ್ ಅದು, ಅದರಾಗೂ ಇಲೀದು. ಇಲಿ ನೋಡಾಕ ಟಿಕೀಟು ಯಾರು ತಗೀತಾರ? ನನ್ನ ಗೋದಾಮಿನ್ಯಾಗ ಬಿಟ್ಟಿ ಅದಾವು."

ನನ್ನ ಗಂಡ ಮೆಲ್ಲಗೆ, "ಇಕಿ ನೋಡ್ಯಾಳ್ರಿ ಅಪ್ಪಾ. ಚೊಲೊ ಐತಿ ಅಂತಾಳ" ಎಂದರು.

"ಒಲಿ ಮುಂದ ಕುಂಡ್ರಾಕಿ ಪಿಕ್ಚರ್ ಬೆಲಿ ಕಟ್ಟಾಕ ಯಾವಾಗ ಕಲತಳು?"

ನನಗೆ ಸಿಟ್ಟು ನೆತ್ತಿಗೇರಿತು. ಅವರಿಗಿಂತ ನೂರು ಪಿಕ್ಚರ್ ಹೆಚ್ಚಿಗೆ ನೋಡಿದವಳು ನಾನು. ಅವರು ಟೆಂಟಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತರೂ ಜನ ಎಷ್ಟು ಎಂದು ನೋಡುವರೇ ಹೊರತು ಪರದೆಯ ಕಡೆ ತಿರುಗುತ್ತಿರಲಿಲ್ಲ.

"ನೀಲಾ, ನಿಮ್ಮ ಮುತ್ಯಾಗ ಹೇಳು" ಎಂದೆ. "ಅವರು ಕೈಲೆ ಎತ್ತಿ ನೋಡ್ಯಾರ, ನಾ ಕಣ್ಣಿಲೆ ನೋಡೇನಿ. ಮೊದಲನೇ ಡಬ್ಬಿ ಸಪ್ಪ ಐತಿ. ಬಣ್ಣಾ ಹೋಗೈತಿ. ಆದರ ಕಡೀ ಡಬ್ಬಿ ನೋಡಿದ ಮಂದಿ ಎದ್ದು ಹೋಗೂದಿಲ್ಲ. ಹೆಣ್ಮಕ್ಕಳಂತೂ ಮರುದಿನಾ ನೆರಮನಿಯವರನ್ನ ಕರಕೊಂಡು ಬರತಾರ."

ನೀಲಗಂಗಾ ಬಾಯಿ ತೆರೆಯುವುದರೊಳಗೆ ಮಾವನವರು, "ನನಗ ಕಿವಿ ಅದಾವು" ಎಂದರು. ಆಮೇಲೆ ನನ್ನ ಗಂಡನ ಕಡೆ ಬೆರಳು ಮಾಡಿ, "ರೇವಣ್ಯಾ, ನಿನ್ನ ಹೆಂಡತಿ ಮಾತು ಕೇಳಿ ಪಿಕ್ಚರ್ ಹಚ್ಚು. ಮಂದಿ ಕೂಗ್ಯಾಡಿ ನನ್ನ ಮಾನಾ ಹೋತಂದ್ರ ಮರುದಿನಾನ ನೀವು ಬ್ಯಾರೆ ಒಲಿ ಹೂಡ್ರಿ. ಈ ಮನ್ಯಾಗ ನಿಮಗ ಅನ್ನ ಇಲ್ಲ" ಎಂದರು.

ನನ್ನ ಗಂಡನ ಕೈ ತಾಟಿನಲ್ಲೇ ನಿಂತಿತು. ಅವರು ನನ್ನ ಕಡೆ ನೋಡಿದರು, ಬೇಡವೆನ್ನು ಎನ್ನುವ ಹಾಗೆ.

"ನೀಲಾ, ಹೇಳು. ಆಗಲಿ ಅಂದ್ಲು ನಮ್ಮವ್ವ ಅಂತ ಹೇಳು."

ಮೂಲೆಯಲ್ಲಿ ಅಡಕೊತ್ತು ಹಿಡಿದು ಕುಳಿತಿದ್ದ ಅತ್ತೆ ಕಸ್ತೂರೆವ್ವ ಮೆಲ್ಲಗೆ, "ಇಲಿ ಅಂದ್ರ ಗಣಪ್ಪನ ಗಾಡಿ. ಪಾಪೇನು ಬರೂದಿಲ್ಲ ಬಿಡ್ರಿ" ಎಂದರು.

ಶುಕ್ರವಾರದ ಆಟಕ್ಕೆ ಇನ್ನು ಮೂರೇ ದಿನ. ರಾತ್ರಿ ನನ್ನ ಗಂಡ ಗೋಡೆಯ ಕಡೆ ಮುಖ ಮಾಡಿ, "ನಿನಗ ಏನ ಬೇಕಾಗೇತಿ?" ಎಂದು ಕೇಳಿದರು.

"ಈ ಮನ್ಯಾಗ ನನ್ನ ಮಾತು ಒಮ್ಮ್ಯಾರ ನಡೀಬೇಕು" ಎಂದೆ. "ಹನ್ನೊಂದು ವರ್ಷ ರೊಟ್ಟಿ ಬಡದೇನಿ. ರೊಟ್ಟಿ ಸುಟ್ಟರ ಅಷ್ಟ ನನ್ನ ಹೆಸರು ಬರತೈತಿ."

"ಹೊರಗ ಹಾಕಿದ್ರ?"

"ಹಾಕಲಿ. ಒಲಿ ಹೂಡಾಕ ನನಗ ಬರತೈತಿ. ನೀವು ಕಟಗಿ ತರ್ರಿ ಸಾಕು."

ಹೇಳುವುದೇನೋ ಹೇಳಿದೆ. ಒಳಗೆ ಅಂಜಿಕೆ ಇತ್ತು, ಸುಳ್ಳು ಯಾಕೆ ಹೇಳಲಿ? ಅಪ್ಪನ ಅಂಗಡಿ, ಅಪ್ಪನ ಟೆಂಟು ಬಿಟ್ಟರೆ ನನ್ನ ಗಂಡನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ನೀಲಗಂಗಾ ಅಜ್ಜಿಯ ಮಗ್ಗುಲು ಬಿಟ್ಟು ಒಂದು ದಿನ ಮಲಗಿದವಳಲ್ಲ.

ಪೆಟ್ಟಿಗೆಗೆ ಭಾರ ತಂದಿದ್ದ ಪೋಸ್ಟರುಗಳನ್ನೆಲ್ಲ ಮೈಬೂಬ ಸಿಂದಗಿಯ ಗೋಡೆ ಗೋಡೆಗೆ ಹಚ್ಚಿದ. ಕನ್ನಡಕದ ಇಲಿ ಬಸ್ ಸ್ಟ್ಯಾಂಡಿನಿಂದ ಹಿಡಿದು ದನದ ಪೇಟೆಯವರೆಗೆ ಕುಳಿತಿತು. ನನ್ನ ಗಂಡ ಚಕ್ಕಡಿಯಲ್ಲಿ ಮೈಕು ಕಟ್ಟಿಕೊಂಡು ಸಾರಿದರು. ಮೈಬೂಬನ ಹೆಂಡತಿ ಸುಗ್ರಾ ಟೆಂಟಿನ ಹೆಂಗಸರ ಬಾಗಿಲಲ್ಲಿ ಟಿಕೀಟು ಹರಿಯುವವಳು. ಅವಳು ಮನೆಮನೆ ತಿರುಗಿದಳು.

"ಹೊನ್ನಕ್ಕಾ, ಭಾಷಾ ತಿಳೀದಿಲ್ಲ ಅಂತಾರ ಎಲ್ಲಾರೂ" ಎಂದು ಬಂದು ಹೇಳಿದಳು. ಅದಕ್ಕೆ ನನ್ನ ಗಂಡನೇ ದಾರಿ ಹುಡುಕಿದರು. ಪಿಕ್ಚರ್ ನಡೆಯುವಾಗ ಮೈಬೂಬನ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಮೈಕಿನಲ್ಲಿ ತಾವೇ ಕಥೆ ಹೇಳುವುದು. ಊರೆಲ್ಲ ಕೇಳಿದ ಧ್ವನಿ ಅವರದು, ಯಾಕಾಗಬಾರದು ಎಂದು ನಾನೂ ಒಪ್ಪಿದೆ.

ಶುಕ್ರವಾರ ಮೊದಲ ಆಟಕ್ಕೆ ಟೆಂಟು ತುಂಬಿತು. ನೆಲದ ಮೇಲೆ ಹುಡುಗರು, ಒಂದು ಕಡೆ ಹೆಂಗಸರು, ಹಿಂದೆ ಕುರ್ಚಿಯವರು. ಮಾವನವರ ಕುರ್ಚಿ ಕ್ಯಾಬಿನ್ನಿಗೆ ಹತ್ತಿಕೊಂಡೇ ಇತ್ತು. ನಾನು ಪರದೆಯ ಹಿಂದೆ.

ಪಿಕ್ಚರ್ ಶುರುವಾಯಿತು. ನನ್ನ ಗಂಡನ ಧ್ವನಿಯೂ ಶುರುವಾಯಿತು. "ಮಹನೀಯರೇ, ಈಗ ಒಂದು ಇಲಿ ಬರುತ್ತಿದೆ. ಈಗ ಆ ಇಲಿಯು ಹೋಗುತ್ತಿದೆ. ಈಗ ಎರಡು ಇಲಿಗಳು ಬಂದವು." ಅಯ್ಯೋ ಶಿವನೇ, ಅದೇನು ಕಣ್ಣಿಗೆ ಕಾಣುವುದಿಲ್ಲವೇ? ಸಾರುವ ಧ್ವನಿಯಲ್ಲಿ, ಪುಸ್ತಕದ ಭಾಷೆಯಲ್ಲಿ, ಸರಕಾರಿ ನೋಟೀಸು ಓದಿದ ಹಾಗೆ. ಮೊದಲ ಡಬ್ಬಿ ಸಪ್ಪೆಯೆಂದು ನಾನು ಮೊದಲೇ ಹೇಳಿದ್ದೆ. ಅದರ ಮೇಲೆ ಇದು.

"ಏ ಸಾವಕಾರ್ರ, ಇಲಿ ಎಣಸಾಕ ಕರದೀರೇನು?" ಎಂದ ಒಬ್ಬ. ಜನ ನಕ್ಕರು. "ಫೈಟಿಂಗ್ ಹಚ್ಚು" ಎಂದ ಇನ್ನೊಬ್ಬ. ಸಿಳ್ಳೆ ಬಿದ್ದವು. ಯಾರೋ ಕುರ್ಚಿ ಒದ್ದರು. ನನ್ನ ಗಂಡನ ಧ್ವನಿ ತೊದಲಿ, ನಿಂತೇಹೋಯಿತು.

ಸುಗ್ರಾ ಹೊರಗಿನಿಂದ ಓಡಿ ಬಂದು ಟೆಂಟಿನ ಬಟ್ಟೆ ಎತ್ತಿದಳು. "ಹೊನ್ನಕ್ಕಾ, ಮಂದಿ ಏಳಾಕತ್ತಾರ. ನಿಮ್ಮ ಮಾವಾರು ದೀಪಾ ಹಚ್ಚು ಅನ್ನಾಕತ್ತಾರ."

ಅಲ್ಲೇ ನಿಂತಿದ್ದರೆ ಮರುದಿನ ಬೇರೆ ಒಲೆಗೆ ಮೂರು ಕಲ್ಲು ಹುಡುಕಬೇಕಾಗಿತ್ತು. ಅದಕ್ಕಿಂತ ಹೆಚ್ಚಾಗಿ, ನಾನು ನೋಡಿದ ಪಿಕ್ಚರನ್ನು ಈ ಜನ ನೋಡದೆಯೇ ಹೋಗುತ್ತಿದ್ದರು. ಟೆಂಟಿನ ಹೊರಗಿನಿಂದ ಸುತ್ತಿ, ಹಗ್ಗ ದಾಟಿ ಕ್ಯಾಬಿನ್ನಿಗೆ ಬಂದೆ. ಸೆರಗನ್ನು ಹಣೆಯ ತನಕ ಎಳೆದುಕೊಂಡೆ. ಗಂಡನ ಕೈಯಿಂದ ಮೈಕು ತೆಗೆದುಕೊಂಡೆ. ಅವರು ಬಿಟ್ಟುಕೊಟ್ಟರು. ಮಾವನವರು ಮೊಳದ ದೂರದಲ್ಲಿ ಕುಳಿತಿದ್ದರು.

ಪರದೆಯ ಮೇಲೆ ಆಗ ಗಿಡುಗ ಮರಿಯನ್ನು ಎತ್ತಿತ್ತು. ಎಡಬಲ ಸರಿಯಾಗಿ ಪಿಕ್ಚರ್ ಕಂಡದ್ದು ಅದೇ ಮೊದಲು, ಒಂದು ಗಳಿಗೆ ತಲೆ ತಿರುಗಿತು. ಆಮೇಲೆ ಬಾಯಿ ತಾನೇ ಬಿಚ್ಚಿತು.

"ಏ ಯವ್ವಾ, ನನ್ನ ಕೂಸು ಒಯ್ತು. ಏಳ್ರಿ ಎಲ್ಲಾರೂ, ಕೋಲ ತಗೋರಿ. ಯಾಕ ಸುಮ್ಮ ಕುಂತೀರಿ?"

ಮೈಕಿನಲ್ಲಿ ಹೆಂಗಸಿನ ಧ್ವನಿ ಸಿಂದಗಿಯಲ್ಲಿ ಆವರೆಗೆ ಯಾರೂ ಕೇಳಿರಲಿಲ್ಲ. ಎದ್ದವರು ನಿಂತಲ್ಲೇ ನಿಂತರು.

ಮುದಿ ಇಲಿ ಕೋಲು ಹಿಡಿದು ಬಂತು. ಅದಕ್ಕೆ ಯಾವ ಧ್ವನಿ ಕೊಡಬೇಕೆಂದು ನಾನು ವಿಚಾರ ಮಾಡಲೇ ಇಲ್ಲ. ಒಮ್ಮೆ ಕೆಮ್ಮಿದೆ. ಭಾರವಾಗಿ, ಹನ್ನೊಂದು ವರ್ಷ ಕೇಳಿದ ಧ್ವನಿ ಬಂತು.

"ಯಾರೂ ಹೊಸ್ತಲಾ ದಾಟೂಹಂಗಿಲ್ಲ. ಎತ್ತಿ ನೋಡ್ರಿ ಈಕೀನ. ತೂಕಿಲ್ಲ. ತೂಕ ಇಲ್ಲದಾಕಿ ಹೋಗಿ ಏನ ಮಾಡ್ತಾಳ?"

ಆಮೇಲೆ ಅಡತಿ ಅಂಗಡಿಯ ಹಮಾಲರು ಕುಳಿತಿದ್ದ ಮೂಲೆಯಿಂದ ನಗೆ ಶುರುವಾಗಿ ಇಡೀ ಟೆಂಟಿಗೆ ಹಬ್ಬಿತು. "ತೂಕ ನೋಡ್ರಿ ತೂಕ" ಎಂದು ಹುಡುಗರು ಕೂಗಿದರು. ಮಾವನವರ ಧ್ವನಿ ಊರಿಗೆಲ್ಲ ಗೊತ್ತು. ನಾನು ಅವರ ಕಡೆ ನೋಡಲಿಲ್ಲ, ನೋಡಿದ್ದರೆ ಮುಂದಿನ ಮಾತು ಬರುತ್ತಿರಲಿಲ್ಲ.

ಕುಂಟ ಕಪ್ಪೆಗೆ ನನ್ನ ತವರಿನ ಸೋದರಮಾವನ ಮಾತು ಕೊಟ್ಟೆ. ಅಳಿಲಿಗೆ ಸುಗ್ರಾಳ ಅವಸರ. ತಾಯಿ ಇಲಿ ಅಲ್ಲಿ ಎಂಟು ಸಲ ಅಳುತ್ತಾಳೆ. ಆರು ಸಲ ನಾನು ಅವಳ ಕಡೆಯಿಂದ ಗಿಡುಗವನ್ನು ಬೈಸಿದೆ. ಆ ಪಿಕ್ಚರ್ ಮಾಡಿದವರಿಗೆ ತಿಳಿಯದೇ ಹೋಗಿದ್ದನ್ನು ನಾನು ಸರಿಮಾಡಿದೆ ಎಂದೇ ಈಗಲೂ ನನ್ನ ಅಭಿಪ್ರಾಯ. ಹೆಂಗಸರ ಕಡೆಯಿಂದ, "ಇನ್ನಷ್ಟು ಬೈಯವಾ" ಎಂದು ಒಬ್ಬ ಮುದುಕಿ ಹೇಳಿದ್ದು ಕ್ಯಾಬಿನ್ನಿನವರೆಗೆ ಕೇಳಿಸಿತು.

ಕೊನೆಯ ಡಬ್ಬಿ ಬಂತು. ಅಳಿಲು ಹಿಂದೆ ಸರಿಯಿತು. ತಾಯಿ ಟೊಂಗೆಯ ಮೇಲೆ ನಡೆದಳು. ಅಲ್ಲಿ ನಾನೂ ಸುಮ್ಮನಿದ್ದೆ, ಅಲ್ಲಿ ಮಾತು ಬೇಕಾಗಿರಲಿಲ್ಲ. ಮೈಬೂಬನ ಮಶೀನಿನ ಸದ್ದಷ್ಟೇ. ಅವಳು ಗೂಡು ಮುಟ್ಟಿ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ತಿರುಗಿ ಬಂದಳು. ಕೆಳಗೆ ಮುದಿ ಇಲಿ ಕನ್ನಡಕ ತೆಗೆದು ನೋಡುತ್ತಾ ನಿಂತಿತ್ತು. ತಾಯಿ ಅವನ ಎದುರು ಬಂದು ನಿಂತಾಗ ಮೈಕನ್ನು ಬಾಯಿಗೆ ಹಿಡಿದೆ.

"ನನಗ ತೂಕಿಲ್ಲ, ಖರೇ. ಅದಕ್ಕ ಟೊಂಗಿ ಮುರೀಲಿಲ್ಲ. ನೀವು ಹೋಗಿದ್ರ ಟೊಂಗೀನೂ ಹೋಗತಿತ್ತು, ಕೂಸೂ ಹೋಗತಿತ್ತು."

ದೀಪ ಹತ್ತಿದರೂ ಜನ ಏಳಲಿಲ್ಲ. ಚಪ್ಪಾಳೆ ಮುಗಿದ ಮೇಲೆ ನೋಡಿದರೆ ಮಾವನವರ ಕುರ್ಚಿ ಖಾಲಿ ಇತ್ತು.

ಮರುದಿನ ಹೆಂಗಸರ ಬಾಗಿಲಲ್ಲಿ ಸುಗ್ರಾಗೆ ಉಸಿರಾಡಲು ಜಾಗವಿರಲಿಲ್ಲ. ಮೂರನೆಯ ದಿನ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದರು. ಹನ್ನೆರಡು ದಿನ ನಾನು ಮಾತಾಡಿ ಮಾತಾಡಿ ಗಂಟಲು ಹರಿದುಕೊಂಡೆ. ಬೆಳಿಗ್ಗೆ ಅತ್ತೆ ಬಿಸಿನೀರಿಗೆ ಉಪ್ಪು ಹಾಕಿ ಕೊಡುತ್ತಿದ್ದರು.

ಮಾವನವರು ಮಾತ್ರ ಆ ಶುಕ್ರವಾರದಿಂದ ಯಾರ ಹತ್ತಿರವೂ ಮಾತಾಡಲಿಲ್ಲ. ಟೆಂಟಿಗೆ ಬರಲಿಲ್ಲ. ಮನೆಯಲ್ಲಿ ಬೆಳಿಗ್ಗೆ ಸಂಜೆ ಬಂದು ತಾಟಿನ ಮುಂದೆ ಕೂಡುವರು, ಉಂಡು ಏಳುವರು. ಎರಡನೆಯ ವಾರ ಒಂದು ದಿನ ಗೋಡೆಯ ಕಡೆ ನೋಡುತ್ತ, "ನೀಲಾ, ನಿಮ್ಮವ್ವಗ ಹೇಳು" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನನ್ನ ದಾರಿಗೇ ಬಂದಿದ್ದರು.

"ಮಂದಿ ಬಂದ್ರು ಅಂತ ಮಾನಾ ಉಳೀತು ಅಂತ ತಿಳ್ಕೋಬ್ಯಾಡ ಅಂತ ಹೇಳು. ಬಾಜಾರದಾಗ ಹುಡುಗರು ನನ್ನ ನೋಡಿ ಇಲಿ ಅಂತಾವು. ಬ್ಯಾರೆ ಒಲಿ ಹೂಡಲಿ ಅಂತ ಹೇಳು."

ನೀಲಗಂಗಾ ನನ್ನ ಕಡೆ ತಿರುಗಿದಳು. ನಾನು ಅವಳನ್ನು ಪಕ್ಕಕ್ಕೆ ಸರಿಸಿ, ಸೆರಗು ಸರಿಮಾಡಿಕೊಂಡು, ನೇರ ಅವರ ಮುಂದೆ ನಿಂತೆ.

"ಮಾವಾರ, ಮಂದಿ ಕೂಗ್ಯಾಡಿ ಪಿಕ್ಚರ್ ಬಿದ್ರ ಒಲಿ ಬ್ಯಾರೆ ಅಂದಿದ್ರಿ. ಬೀಳಲಿಲ್ಲ. ನಾ ಎಲ್ಲೂ ಹೋಗೂದಿಲ್ಲ. ಈ ಒಲಿಗೆ ಹನ್ನೊಂದು ವರ್ಷ ಮಣ್ಣು ಮೆತ್ತೇನಿ, ಇದ ನನ್ನ ಒಲಿ. ಇಲ್ಲೇ ಅಡಗಿ ಮಾಡ್ತೇನಿ, ಇಲ್ಲೇ ಮಾತಾಡ್ತೇನಿ."

ಮಾವನವರು ತಾಟಿನ ಕಡೆ ನೋಡಿದರು. ಆಗಲೇ ನಾನು ಇನ್ನೊಂದನ್ನು ಹೇಳಿಬಿಟ್ಟೆ.

"ಇನ್ನ ಮ್ಯಾಲ ರೊಟ್ಟಿ ಬೇಕಂದ್ರ ನನಗ ಕೇಳ್ರಿ. ನೀಲಾ ಸಾಲಿಗೆ ಹೋಗೂ ಹುಡುಗಿ, ನಮ್ಮ ನಡುವ ಓಡ್ಯಾಡಾಕ ಆಕೀಗೆ ಪುರುಸೊತ್ತಿಲ್ಲ."

ಮೊದಲ ಎರಡು ರೊಟ್ಟಿ ಯಾರೂ ಕೇಳದೆ ಬಡಿಸುವುದು ಮನೆಯ ರೂಢಿ. ಮಾವನವರ ಊಟ ನಾಲ್ಕು ರೊಟ್ಟಿಯದು. ಆ ದಿನ ಎರಡು ತಿಂದು ಎದ್ದರು. ಮರುದಿನವೂ ಎರಡು. ಮೂರನೆಯ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಅವರು ಕೇಳಲೆಂದು ನಿಲ್ಲುತ್ತಿದ್ದೆ, ಅವರು ಎದ್ದು ಕೈ ತೊಳೆಯುವವರೆಗೆ ನಿಲ್ಲುತ್ತಿದ್ದೆ. ಅವರು ಅತ್ತೆಯ ಕಡೆ ನೋಡಿದರು. ಅತ್ತೆ ಅಡಿಕೆ ಕತ್ತರಿಸುತ್ತಲೇ, "ನನ್ನ ಕಡೆ ಏನ ನೋಡ್ತೀರಿ? ನಾ ನಲವತ್ತು ವರ್ಷ ನೀವು ಕೇಳದನ ಹಾಕೇನಿ. ಕೈ ನೋಯ್ತಾವು" ಎಂದರು. ಅವರ ಬಾಯಲ್ಲಿ ಅಷ್ಟು ಮಾತು ಬಂದದ್ದು ನಾನು ಆ ದಿನವೇ ಕೇಳಿದ್ದು.

ನಾಲ್ಕನೆಯ ದಿನ ನಮ್ಮ ಪಿಕ್ಚರಿನ ಹದಿನಾರು ಡಬ್ಬಿ ಬಂದವು. ನನ್ನ ಗಂಡ ಅಂಗಳದಲ್ಲಿ ಇಳಿಸಿ ತಂದೆಯ ಕಡೆ ನೋಡಿದರು. ಮಾವನವರು ಡಬ್ಬಿ ಮುಟ್ಟಲಿಲ್ಲ, ಪಟಗವನ್ನೂ ತೆಗೆಯಲಿಲ್ಲ. ಬಂದು ತಾಟಿನ ಮುಂದೆ ಕುಳಿತರು. ಎರಡು ರೊಟ್ಟಿ ಮುಗಿದವು. ಪಲ್ಯ ಇನ್ನೂ ಉಳಿದಿತ್ತು. ನಾನು ಮೂರನೆಯದನ್ನು ಹಿಡಿದು ನಿಂತೆ.

ನೀಲಗಂಗಾ ಪಾಟಿ ಬಿಟ್ಟು ನೋಡುತ್ತಿದ್ದಳು.

"ಅರ್ಧಾ ಹಾಕವಾ ಹೊನ್ನವ್ವಾ" ಎಂದರು ಮಾವನವರು. ಹನ್ನೊಂದು ವರ್ಷದಲ್ಲಿ ನನ್ನ ಹೆಸರು ಅವರ ಬಾಯಲ್ಲಿ ಅದೇ ಮೊದಲು.

"ಅರ್ಧಾ ಕೊಡೂದಿಲ್ರಿ ಮಾವಾರ" ಎಂದು ಇಡೀ ರೊಟ್ಟಿಯನ್ನು ತಾಟಿಗೆ ಹಾಕಿದೆ. "ಉಂಡು ಟೆಂಟಿಗೆ ಬರ್ರಿ. ಹದಿನಾರು ಡಬ್ಬಿ ಮೊದಲ ನಾ ನೋಡ್ತೇನಿ, ಮುಂದಿನ ಕುರ್ಚಿ ಮ್ಯಾಲ ಕುಂತು. ಆಮ್ಯಾಲ ಹೇಳ್ತೇನಿ, ಓಡತೈತೋ ಇಲ್ಲೋ."